ಕೂಟ ಕಟ್ಟಿದ ನಗರ, ಕಪ್ಪ ಪಡೆದ ಕಂಪನಿ

1830-31ರ ನಗರದ ರೈತ ಬಂಡಾಯಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಿಗುವ ಜಾಗ ಹೆಚ್ಚೆಂದರೆ ಎರಡು ಸಾಲು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಡಳಿತ ಹದಗೆಟ್ಟಿತು, ನಗರ ಪ್ರಾಂತದಲ್ಲಿ ದಂಗೆಯೆದ್ದಿತು, ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ರಾಜ್ಯವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಅಲ್ಲಿಂದ ಮುಂದೆ ಕಮಿಷನರ್ ಕಬ್ಬನ್ ಸಾಹೇಬರ ಅಧ್ಯಾಯ. ಹೀಗೆ ಓದಿಕೊಂಡು ಬಂದವರಿಗೆ ನಗರದ ರೈತರು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಗೆ ಅರಿಯದೆ ಬಾಗಿಲು ತೆರೆದುಕೊಟ್ಟವರಂತೆ ಕಾಣುತ್ತಾರೆ. ವಸಾಹತು ವಿರೋಧಿ ಹೋರಾಟಗಳನ್ನು ಪಟ್ಟಿ ಮಾಡುವಾಗ ಕಿತ್ತೂರು ಬರುತ್ತದೆ, ಸುರಪುರ ಬರುತ್ತದೆ, ಅಮರ ಸುಳ್ಯವೂ ಈಚೆಗೆ ಬರತೊಡಗಿದೆ. ನಗರ ಮಾತ್ರ 'ಅರಸರ ದುರಾಡಳಿತ' ಎಂಬ ತಲೆಬರಹದ ಕೆಳಗೇ ಉಳಿದಿದೆ. ಈ ವಿಂಗಡಣೆ ಸರಿಯಲ್ಲ ಎಂಬುದು ಈ ಲೇಖನದ ವಾದ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ರೈತರು ಎದ್ದು ನಿಂತದ್ದು ಕಣ್ಣೆದುರಿನ ಅಮಲ್ದಾರನ ಮೇಲೆ, ನಿಜ. ಆದರೆ ಅಮಲ್ದಾರನ ಬೆನ್ನ ಹಿಂದೆ ಅರಸನಿದ್ದ, ಅರಸನ ಬೆನ್ನ ಹಿಂದೆ ಕಂಪನಿಯಿತ್ತು. ರೈತನ ಹಣ ಎಲ್ಲಿಗೆ ಹೋಗುತ್ತಿತ್ತು, ಬಂಡಾಯವನ್ನು ಯಾರು ಮುರಿದರು, ಅದೇ ತಿಂಗಳುಗಳಲ್ಲಿ ಘಟ್ಟದ ಕೆಳಗೆ ಏನಾಗುತ್ತಿತ್ತು ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದರೆ ಚಿತ್ರ ಬದಲಾಗುತ್ತದೆ.

ಮೊದಲು ಹಣದ ದಾರಿಯನ್ನೇ ಹಿಡಿಯೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯು ಐದು ವರ್ಷದ ಬಾಲಕನನ್ನು ಮೈಸೂರಿನ ಗಾದಿಯ ಮೇಲೆ ಕೂರಿಸಿತು. ಜೊತೆಗೇ ಒಂದು ಒಪ್ಪಂದವನ್ನೂ ಮಾಡಿಕೊಂಡಿತು. ಅದರಂತೆ ಮೈಸೂರು ಪ್ರತಿವರ್ಷ ಏಳು ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಪೊಗದಿ (ಕಪ್ಪ) ಕಟ್ಟಬೇಕು. ಈ ಹಣ ಸಲ್ಲುವುದಕ್ಕೆ ಅಪಾಯ ಬಂದರೆ ರಾಜ್ಯದ ಭಾಗವನ್ನು ವಶಕ್ಕೆ ತೆಗೆದುಕೊಳ್ಳುವ ಹಕ್ಕು ಕಂಪನಿಗೆ. 1807ರ ಪೂರಕ ಒಪ್ಪಂದ ಇದರ ಮೇಲೆ ನಾಲ್ಕು ಸಾವಿರ ಸಿಲ್ಲೇದಾರ ಕುದುರೆಗಳನ್ನು ಸಾಕುವ ಹೊಣೆಯನ್ನೂ ಹೊರಿಸಿತು. ಆ ಕುದುರೆಗಳು ಓಡಿದ್ದು ಬಹುಪಾಲು ಕಂಪನಿಯ ಯುದ್ಧಗಳಲ್ಲಿ, ಮರಾಠರ ಮತ್ತು ಪಿಂಡಾರಿಗಳ ಬೆನ್ನಟ್ಟಿ. ಮಳೆ ಬರಲಿ, ಬಾರದಿರಲಿ, ಭತ್ತಕ್ಕೆ ಬೆಲೆ ಇರಲಿ, ಇಲ್ಲದಿರಲಿ, ಪೊಗದಿಯ ಮೊತ್ತ ಕದಲುವಂತಿರಲಿಲ್ಲ. ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸ ತುಂಬಿತ್ತು. ಮುಂದಿನ ವರ್ಷಗಳಲ್ಲಿ ಅರಮನೆಯ ಧಾರಾಳತನ, ದಾನಧರ್ಮ, ಆಪ್ತರ ಓಲೈಕೆಗಳಲ್ಲಿ ಅದು ಕರಗಿತು. ಸಿಪಾಯಿಗಳ ಸಂಬಳ ಬಾಕಿ ಬಿತ್ತು, ನೌಕರರ ಸಂಬಳ ಬಾಕಿ ಬಿತ್ತು. ಅಷ್ಟಾದರೂ ಕಂಪನಿಯ ಪೊಗದಿಗೆ ಸಂಚಕಾರ ಬರಲಿಲ್ಲ. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು, ಲೆಕ್ಕಪತ್ರ ಸರಿಪಡಿಸಿಕೊಳ್ಳದಿದ್ದರೆ ಕಂಪನಿ ನೇರವಾಗಿ ಕೈಹಾಕಬೇಕಾದೀತು ಎಂದು ಎಚ್ಚರಿಸಿ ಹೋದ. ಆ ಎಚ್ಚರಿಕೆಯ ಭಾರ ಕೊನೆಗೆ ಇಳಿದದ್ದು ರೈತನ ಹೆಗಲಿಗೆ.

ಇಳಿದದ್ದು ಹೇಗೆ ಎಂಬುದಕ್ಕೆ 'ಶರತ್ತು' ಪದ್ಧತಿಯನ್ನು ನೋಡಬೇಕು. ತಾಲ್ಲೂಕಿಗೆ ಬರುವ ಅಮಲ್ದಾರ ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆಂದು ಮೊದಲೇ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಸರ್ಕಾರಕ್ಕೆ ಒಪ್ಪಿಸಬೇಕು. ಕಾಗದದ ಮೇಲೆ ಇದು ಶಿಸ್ತಿನ ಏರ್ಪಾಡು. ನೆಲದ ಮೇಲೆ ಮಾತ್ರ ಅಮಲ್ದಾರನಿಗೆ ಹಳ್ಳಿಯನ್ನು ಹಿಂಡಲು ಕೊಟ್ಟ ಪರವಾನಗಿ. ಹೆಚ್ಚು ಮೊತ್ತ ಒಪ್ಪಿಕೊಂಡವನಿಗೆ ಹುದ್ದೆ, ಹುದ್ದೆ ಉಳಿಸಿಕೊಳ್ಳಲು ಮತ್ತಷ್ಟು ವಸೂಲಿ. ಭೂಕಂದಾಯದ ಜೊತೆಗೆ ನೂರಾರು ಬಗೆಯ ಸಣ್ಣಪುಟ್ಟ ತೆರಿಗೆಗಳಿದ್ದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲ ಮಾಡಿಸಿದರೂ ತೆರಿಗೆ. ಮುಂದೆ ಕಬ್ಬನ್ ಕಾಲದಲ್ಲಿ ರದ್ದಾದ ಇಂಥ ಬಾಬುಗಳ ಸಂಖ್ಯೆಯೇ 769. ಇದೇ ಹೊತ್ತಿಗೆ, 1820ರ ದಶಕದ ಕೊನೆಯಲ್ಲಿ, ದಕ್ಷಿಣ ಭಾರತದ ಉದ್ದಗಲಕ್ಕೂ ಧಾನ್ಯದ ಬೆಲೆ ಕುಸಿದಿತ್ತು. ಬೆಲೆ ಇಳಿದಾಗ ನಗದು ಕಂದಾಯ ತಾನಾಗಿಯೇ ಭಾರವಾಗುತ್ತದೆ. ಹೋದ ವರ್ಷ ಹತ್ತು ಮೂಟೆ ಭತ್ತ ಮಾರಿ ಕಟ್ಟಿದ್ದನ್ನು ಈ ವರ್ಷ ಕಟ್ಟಲು ಹದಿನೈದು ಮೂಟೆ ಹೊರಬೇಕು. ಅಡಿಕೆ, ಮೆಣಸು, ಏಲಕ್ಕಿಗಳನ್ನು ಹುಲಿಕಲ್ ಘಾಟಿ ಇಳಿಸಿ ಕುಂದಾಪುರ, ಬಸರೂರುಗಳಲ್ಲಿ ಮಾರುತ್ತಿದ್ದ ಮಲೆನಾಡಿನವರಿಗೆ ಪೇಟೆಯ ಏರಿಳಿತ ಬಯಲುಸೀಮೆಯವರಿಗಿಂತ ಬೇಗ ತಟ್ಟುತ್ತಿತ್ತು.

ಈ ಸೀಮೆಗೆ ಹೋಲಿಸಿ ನೋಡಲು ಒಂದು ಹಳೆಯ ಅಳತೆಗೋಲೂ ಇತ್ತು. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಿಸುತ್ತ ಬಂದ ನಾಯಕ ಮನೆತನ 1763ರಲ್ಲಿ ಹೈದರಾಲಿಯ ಕೈಗೆ ಬಿದನೂರನ್ನು ಕಳೆದುಕೊಂಡಿತು. ಬಿದನೂರು ಹೈದರ್‌ನಗರವಾಗಿ, ಜನರ ಬಾಯಲ್ಲಿ ನಗರವಾಯಿತು. ಆದರೆ ಹದಿನೇಳನೆಯ ಶತಮಾನದಲ್ಲಿ ಶಿವಪ್ಪನಾಯಕ ಹಾಕಿಕೊಟ್ಟ 'ಶಿಸ್ತು' ಮಾತ್ರ ಜನರ ನೆನಪಿನಿಂದ ಹೋಗಲಿಲ್ಲ. ಬೇರೆ ಬೇರೆ ಗುಣದ ಭೂಮಿಯನ್ನು ವರ್ಷಗಟ್ಟಲೆ ತಾನೇ ಸಾಗುವಳಿ ಮಾಡಿಸಿ, ಇಳುವರಿ ನೋಡಿ ಕಂದಾಯ ಗೊತ್ತುಮಾಡಿದ ಎಂಬ ಐತಿಹ್ಯ ಇಂದಿಗೂ ಈ ಭಾಗದಲ್ಲಿ ಜೀವಂತ. ಐತಿಹ್ಯದಲ್ಲಿ ಉತ್ಪ್ರೇಕ್ಷೆ ಇರಬಹುದು. ಅದರಿಂದ ಗೊತ್ತಾಗುವ ಮುಖ್ಯ ಸಂಗತಿಯೆಂದರೆ, ಕಂದಾಯಕ್ಕೆ ಒಂದು ನ್ಯಾಯವಾದ ಮಿತಿ ಇರುತ್ತದೆ, ಅದು ಬರಹದಲ್ಲಿ ಇರುತ್ತದೆ, ಮುರಿದವನನ್ನು ಪ್ರಶ್ನಿಸಬಹುದು ಎಂಬ ತಿಳಿವಳಿಕೆ ಈ ರೈತರಲ್ಲಿ ಗಟ್ಟಿಯಾಗಿತ್ತು. 1828ರಲ್ಲಿ ಅರಸರು ತಮ್ಮ ಬಂಧು ವೀರರಾಜೇ ಅರಸನ್ನು ನಗರದ ಫೌಜುದಾರನನ್ನಾಗಿ, ಅಂದರೆ ಪ್ರಾಂತಾಧಿಕಾರಿಯನ್ನಾಗಿ, ಕಳಿಸಿದರು. ಹಿಂದಿನ ಫೌಜುದಾರ ಕೃಷ್ಣರಾಯನ ಕಾಲದಲ್ಲಿ ಕೊಟ್ಟಿದ್ದ ರಿಯಾಯಿತಿಗಳನ್ನು ಆತ ಕೆದಕಿ, ಬಿಟ್ಟುಕೊಟ್ಟ ಹಣವನ್ನು ಮತ್ತೆ ಬಾಕಿಯೆಂದು ಬರೆಸಿ ವಸೂಲಿಗೆ ತೊಡಗಿದ. ಬೆಂಕಿಗೆ ಗಾಳಿ ಸಿಕ್ಕಿದ್ದು ಇಲ್ಲಿ.

ಕೂಟದ ರಾಜಕೀಯ

1830ರ ಆಗಸ್ಟ್ ತಿಂಗಳಲ್ಲಿ ಆನಂದಪುರ ಸೀಮೆಯ ಹೊಸಂತೆಯಲ್ಲಿ ರೈತರು ಕೂಟ ಸೇರಿದರು. ಅಲ್ಲಿಂದ ಸುತ್ತಲ ಸೀಮೆಗಳ ರೈತರಿಗೆ ಚೀಟಿಗಳು ಹೋದವು: ಬಸವಾಪಟ್ಟಣಕ್ಕೆ ಬನ್ನಿ, ಒಟ್ಟಾಗಿ ಮಾತಾಡೋಣ. ಗೌಡರು, ಪಟೇಲರು ಮುಂದೆ ನಿಂತರು. ಕಂದಾಯ ಕಟ್ಟುವುದು ನಿಂತಿತು. ಶಿವಮೊಗ್ಗ, ಹೊನ್ನಾಳಿ, ಚನ್ನಗಿರಿ ಕಡೆಗೂ ಕೂಟಗಳು ಹಬ್ಬಿದವು. ಈ ಕ್ರಮವನ್ನು ಗಮನವಿಟ್ಟು ನೋಡಬೇಕು. ಮೊದಲು ಸಭೆ, ಆಮೇಲೆ ಪತ್ರ, ಆಮೇಲೆ ಕಂದಾಯ ನಿರಾಕರಣೆ, ಕೊನೆಗೆ ಆಯುಧ. ಹಸಿವಿನಿಂದ ಹುಚ್ಚೆದ್ದ ಗುಂಪು ಹೀಗೆ ನಡೆಯುವುದಿಲ್ಲ. ಅರ್ಜಿ ಕೊಟ್ಟು, ಕಾದು, ಉತ್ತರ ಬಾರದಿದ್ದಾಗ ಸಂಘಟನೆಗೆ ಇಳಿದ ಜನ ಇವರು. ಅರಸರು ಸೈನ್ಯದೊಂದಿಗೆ ತಾವೇ ಸಂಚಾರ ಹೊರಟರು. ಕೆಲವರಿಗೆ ಗಲ್ಲು, ಕೆಲವರಿಗೆ ಛಡಿ ಏಟು. 1831ರ ಆರಂಭದ ತಿಂಗಳುಗಳಲ್ಲಿ ಅರಸರ ದಂಡನಾಯಕ ಅಣ್ಣಪ್ಪನ ಪಡೆ ರೈತರ ಮೇಲೆ ಬಿದ್ದಿತು. ಕೂಟ ಕದನವಾಗಿ ಬದಲಾದದ್ದು ಈ ದಂಡನೆಗಳ ನಂತರವೇ.

ಈ ಹೊತ್ತಿಗೆ ವೇದಿಕೆಗೆ ಬಂದವನು ಬೂದಿ ಬಸಪ್ಪ. ಅಧಿಕೃತ ದಾಖಲೆಗಳು ಹೇಳುವಂತೆ ಇವನ ನಿಜ ಹೆಸರು ಸಾದರ ಮಲ್ಲ. ಸಾಮಾನ್ಯ ರೈತನ ಮಗ. ಕೆನರಾದ ಸೆರೆಮನೆಯನ್ನೂ ಕಂಡವನು. ಜಂಗಮರೊಬ್ಬರ ಬಳಿಯಿದ್ದ ಕೆಳದಿ ಅರಸರ ಮುದ್ರೆಗಳು ಕೈಸೇರಿದ ಮೇಲೆ ತಾನೇ ನಗರದ ಒಡೆಯನೆಂದು ಸಾರಿಕೊಂಡ. ರೈತರಿಗೆ ಕೌಲು ಬರೆದುಕೊಟ್ಟ: ಹಳೆಯ ಬಾಕಿಯೆಲ್ಲ ಮನ್ನಾ, ಕಂದಾಯ ಇಳಿಕೆ. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕ, ಸರ್ಜಾ ಹನುಮಪ್ಪ ನಾಯಕರೂ ಬಂಡಾಯ ಸೇರಿದರು. ಕೋಟೆಗಳು ಒಂದೊಂದಾಗಿ ಬಂಡುಕೋರರ ಕೈಗೆ ಹೋದವು. ಅರಸರ ಸೈನ್ಯದಿಂದ ಆಗದೆಂದು ಗೊತ್ತಾದಾಗ ಕಂಪನಿಯ ಪಡೆಗೆ ಕರೆ ಹೋಯಿತು. ಕರ್ನಲ್ ಇವಾನ್ಸ್‌ನ ಪಡೆ, ಮೈಸೂರು ಕುದುರೆಗಳೊಂದಿಗೆ ಲೆಫ್ಟಿನೆಂಟ್ ರಾಚ್‌ಫೋರ್ಟ್ ನಗರದ ಕಡೆ ಸಾಗಿದರು. 1831ರ ಜೂನ್‌ನಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ, ನಗರ ಅವರ ವಶವಾಯಿತು. ಕಾಡು ಸೇರಿದವರು ಮತ್ತೆರಡು ಮೂರು ವರ್ಷ ಅಲ್ಲಲ್ಲಿ ಕಾದರು. ಸರ್ಜಾ ಹನುಮಪ್ಪ ನಾಯಕನನ್ನು ಹಿಡಿದು ಗಲ್ಲಿಗೇರಿಸಿದ್ದು 1834ರಲ್ಲಿ.

ಇಷ್ಟರಲ್ಲಿ ರಾಜ್ಯದ ಗತಿಯೂ ಬದಲಾಗಿತ್ತು. 1831ರ ಸೆಪ್ಟೆಂಬರ್ 7ರ ಬೆಂಟಿಂಕ್‌ನ ಪತ್ರ ಮೈಸೂರಿಗೆ ಬಂದು, ಅಕ್ಟೋಬರ್ 19ರಂದು ಅರಸರು ಆಡಳಿತ ಬಿಟ್ಟುಕೊಟ್ಟರು. ಅರಸರಿಗೆ ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೇ ಒಂದು ಪಾಲು. ಆಡಳಿತ ಕಮಿಷನರುಗಳಿಗೆ, ಐವತ್ತು ವರ್ಷ. ಒಪ್ಪಂದ ಹೇಳಿದ್ದು ಪೊಗದಿಗೆ ಅಪಾಯ ಬಂದಾಗ ವಶಪಡಿಸಿಕೊಳ್ಳುವ ಮಾತನ್ನು. ವಶಪಡಿಸಿಕೊಂಡದ್ದು ದುರಾಡಳಿತದ ಕಾರಣ ಹೇಳಿ. ಈ ವ್ಯತ್ಯಾಸವನ್ನು ಮುಂದೆ ಒಪ್ಪಿಕೊಂಡವನು ಬೇರಾರೂ ಅಲ್ಲ, ಸ್ವತಃ ಬೆಂಟಿಂಕ್. ಪೊಗದಿಗೆ ತಕ್ಷಣದ ಅಪಾಯವೇನೂ ಇರಲಿಲ್ಲವೆಂದೂ, ತಾನು ಮಾಡಿದ್ದು ಕಾನೂನಿನ ಪ್ರಕಾರ ನಿಲ್ಲುವುದೇ ಎಂಬ ಅನುಮಾನ ತನಗಿದೆಯೆಂದೂ 1834ರಲ್ಲಿ ಆತ ಲಂಡನ್ನಿಗೆ ಬರೆದ. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸುವ ಸಲಹೆ ಮಾಡಿದ. ಲಂಡನ್ ಒಪ್ಪಲಿಲ್ಲ. ಸಿಪಾಯಿಗೆ ಸಂಬಳವಿಲ್ಲದ, ರೈತನಿಗೆ ಉಸಿರಿಲ್ಲದ ರಾಜ್ಯದಲ್ಲಿ ಕಂಪನಿಯ ಕಪ್ಪ ಮಾತ್ರ ಕ್ಷೇಮವಾಗಿತ್ತು ಎಂದು ಅದನ್ನು ಪಡೆದವರ ದೊರೆಯೇ ಒಪ್ಪಿಕೊಂಡ ಮೇಲೆ, ದುರಾಡಳಿತದ ಫಲ ಯಾರಿಗೆ ಹೋಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಘಟ್ಟದ ಕೆಳಗಿನ ಸಾಕ್ಷಿ

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ರೈತರು ಎದ್ದದ್ದು ಅರಸರ ಮತ್ತು ಅವರ ಅಧಿಕಾರಿಗಳ ವಿರುದ್ಧ. ಅವರ ಮನವಿಗಳಲ್ಲಿ ಬ್ರಿಟಿಷರ ವಿರುದ್ಧ ಯುದ್ಧ ಸಾರುವ ಮಾತಿಲ್ಲ, ಬದಲಿಗೆ ಕಂಪನಿ ಮಧ್ಯೆ ಬರಬಹುದೆಂಬ ಆಸೆಯೂ ಕೆಲವರಲ್ಲಿತ್ತು. ಹಾಗಿರುವಾಗ ಇದನ್ನು ವಸಾಹತು ವಿರೋಧಿ ಎನ್ನುವುದು ಇಂದಿನ ಕನ್ನಡಕ ಹಾಕಿ ಅಂದಿನದನ್ನು ಓದಿದಂತಲ್ಲವೇ? ಇದಕ್ಕೆ ಉತ್ತರ ನಗರದಲ್ಲಿ ಸಿಗುವುದಿಲ್ಲ, ಘಾಟಿ ಇಳಿದರೆ ಸಿಗುತ್ತದೆ. ಒಂದು ಕಾಲಕ್ಕೆ ಕೆಳದಿ ನಾಯಕರದೇ ಆಗಿದ್ದ ಕರಾವಳಿ 1799ರಿಂದ ಕಂಪನಿಯ ನೇರ ಆಳ್ವಿಕೆಯಲ್ಲಿತ್ತು. ಅಲ್ಲಿ ಮೈಸೂರು ಅರಸರಿರಲಿಲ್ಲ, ಅವರ ಆಪ್ತವರ್ಗವಿರಲಿಲ್ಲ, ಶರತ್ತಿನ ಅಮಲ್ದಾರರಿರಲಿಲ್ಲ. ಮಂಗಳೂರಿನಲ್ಲಿ ಇಂಗ್ಲಿಷ್ ಕಲೆಕ್ಟರ್ ಕೂತಿದ್ದ. ಹಾಗಿದ್ದೂ ಅದೇ 1830-31ರ ತಿಂಗಳುಗಳಲ್ಲಿ ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಕಡೆಯಿಂದ ಹಿಡಿದು ಮಂಗಳೂರಿನ ಕದ್ರಿಯವರೆಗೆ ರೈತರು ಕೂಟ ಕಟ್ಟಿದರು, ಕಿಸ್ತು ಕಟ್ಟುವುದಿಲ್ಲವೆಂದರು. ಮೇಲೆಯೂ ಕೂಟ, ಕೆಳಗೆಯೂ ಕೂಟ. ಮೇಲೆಯೂ ಕಂದಾಯ ನಿರಾಕರಣೆ, ಕೆಳಗೆಯೂ ಕಂದಾಯ ನಿರಾಕರಣೆ. ಅರಸರ ದುರಾಡಳಿತವೇ ಕಾರಣವಾಗಿದ್ದರೆ ಅರಸರೇ ಇಲ್ಲದ ಕಡೆ ಇದು ಏಕಾಯಿತು? ಎರಡು ಕಡೆಗೂ ಸಮಾನವಾಗಿದ್ದದ್ದು ಕುಸಿದ ಬೆಲೆ, ಬಗ್ಗದ ನಗದು ಬೇಡಿಕೆ, ಮತ್ತು ಆ ಬೇಡಿಕೆಯ ತುದಿಯಲ್ಲಿ ಕೂತಿದ್ದ ಕಂಪನಿ. ಒಂದು ಕಡೆ ಅದು ನೇರವಾಗಿ ಕೈಚಾಚುತ್ತಿತ್ತು, ಇನ್ನೊಂದು ಕಡೆ ಅರಸರ ಕೈಯಿಂದ ತೆಗೆದುಕೊಳ್ಳುತ್ತಿತ್ತು.

ಎರಡೂ ಕಡೆ ಕಂಪನಿ ವಿಚಾರಣೆ ನಡೆಸಿದ್ದೂ ಒಂದೇ ಧಾಟಿಯಲ್ಲಿ. ಕೆನರಾದ ಬಗ್ಗೆ ಸ್ಟೋಕ್ಸ್ ಎಂಬ ಅಧಿಕಾರಿ 1833ರ ಜನವರಿಯಲ್ಲಿ ವರದಿ ಕೊಟ್ಟ. ಕಚೇರಿಯ ದೇಶೀ ನೌಕರರ ಒಳಜಗಳವೇ ಕೂಟಗಳಿಗೆ ಕುಮ್ಮಕ್ಕು ಎಂಬುದು ಅದರ ಒಲವು. ಮೈಸೂರಿನ ಬಗ್ಗೆ ಮೇಜರ್ ಜನರಲ್ ಹಾಕರ್, ಕರ್ನಲ್ ಮಾರಿಸನ್, ಮ್ಯಾಕ್ಲಿಯಡ್ ಮತ್ತು ಲೆಫ್ಟಿನೆಂಟ್ ಕರ್ನಲ್ ಮಾರ್ಕ್ ಕಬ್ಬನ್ ಅವರ ಸಮಿತಿ ಅದೇ ವರ್ಷದ ಡಿಸೆಂಬರಿನಲ್ಲಿ ವರದಿ ಒಪ್ಪಿಸಿತು. ಅದರಲ್ಲಿ ಅರಸರ ದುಂದು, ಅಮಲ್ದಾರರ ಸುಲಿಗೆ, ಹಳೆಯ ಫೌಜುದಾರರ ಪಕ್ಷದವರ ಪಿತೂರಿ ಎಲ್ಲವೂ ವಿವರವಾಗಿ ಬಂದವು. ಅವೆಲ್ಲ ಸುಳ್ಳು ಎನ್ನುವಂತಿಲ್ಲ. ಇಂದು ನಗರದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ವರದಿಯಿಂದಲೇ ಬಂದದ್ದು. ಆದರೆ ಒಂದು ಮಾತನ್ನು ಮರೆಯಬಾರದು. ಸಮಿತಿಯ ನಾಲ್ವರಲ್ಲಿ ಮಾರಿಸನ್ ಮತ್ತು ಕಬ್ಬನ್ ಇಬ್ಬರೂ ಮೈಸೂರಿನ ಕಮಿಷನರ್ ಕುರ್ಚಿಯಲ್ಲಿ ಕೂತವರು. ಕಬ್ಬನ್ 1834ರಿಂದ 1861ರವರೆಗೆ ಆಳಿದ. ಅರಸರು ಆಳಲು ಅಯೋಗ್ಯರೆಂದು ತೀರ್ಪು ಬರೆದವರೇ ಅರಸರ ಜಾಗದಲ್ಲಿ ಆಳಿದರು. ಅಂಥವರ ವರದಿಯಲ್ಲಿ ಪೊಗದಿಯೂ ಬಂಡಾಯದ ಒಂದು ಕಾರಣವೆಂಬ ತೀರ್ಮಾನವನ್ನು ಹುಡುಕುವುದು ವ್ಯರ್ಥ.

ಇಂಥ ವಿಚಾರಣೆಗಳಲ್ಲಿ ಬೇರೆ ತೀರ್ಮಾನವೂ ಬರಬಹುದಿತ್ತು ಎಂಬುದಕ್ಕೆ ಆಫ್ರಿಕಾದ ಒಂದು ನಿದರ್ಶನವಿದೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಬ್ರಿಟಿಷರು 1896ರಲ್ಲಿ ಒಳನಾಡನ್ನು ತಮ್ಮ ರಕ್ಷಣೆಯಡಿ ತಂದರು. 1898ರ ಆರಂಭದಿಂದ ಪ್ರತಿ ಗುಡಿಸಲಿಗೂ ತೆರಿಗೆ ಹಾಕಿದರು. ಕಾಸೆ ಎಂಬ ಸಣ್ಣ ನಾಡಿನ ಒಡೆಯ ಬಾಯ್ ಬುರೆ ತಿರುಗಿಬಿದ್ದ. ಆತನನ್ನು ಹಿಡಿಯಲು ಬ್ರಿಟಿಷರಿಗೆ ಆ ವರ್ಷದ ನವೆಂಬರ್‌ವರೆಗೆ ಬೇಕಾಯಿತು. ವಿಚಾರಣೆಗೆ ಲಂಡನ್ ಕಳಿಸಿದ್ದು ಸರ್ ಡೇವಿಡ್ ಚಾಮರ್ಸ್‌ನನ್ನು. ಆತ ಸ್ಥಳದಲ್ಲಿ ಸಾಕ್ಷ್ಯ ಕೇಳಿ, ಬಂಡಾಯಕ್ಕೆ ಗುಡಿಸಲು ತೆರಿಗೆಯೇ ಮೂಲ, ಅದನ್ನು ತೆಗೆಯಬೇಕು ಎಂದು ನೇರವಾಗಿ ಬರೆದ. ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಆ ವರದಿಯನ್ನು ಬದಿಗಿಟ್ಟು ಗವರ್ನರ್ ಕಾರ್ಡ್ಯೂ ಮಾತನ್ನೇ ಎತ್ತಿಹಿಡಿದ. ತೆರಿಗೆ ಉಳಿಯಿತು. ನಗರದ ವರದಿ ಬಂಡಾಯದ ಹೊಣೆಯನ್ನು ದೇಶೀ ಅರಸರ ಮೇಲೆ ಹಾಕಿತು, ಅದು ಒಪ್ಪಿಗೆಯಾಯಿತು. ಸಿಯೆರಾ ಲಿಯೋನ್‌ನ ವರದಿ ಹೊಣೆಯನ್ನು ಬ್ರಿಟಿಷ್ ತೆರಿಗೆಯ ಮೇಲೆ ಹಾಕಿತು, ಅದು ಮೂಲೆ ಸೇರಿತು. ಸಾಮ್ರಾಜ್ಯದ ಕಡತದಲ್ಲಿ ಯಾವ ಕಾರಣ 'ಅಧಿಕೃತ' ಆಗುತ್ತದೆ ಎಂಬುದನ್ನು ಸತ್ಯಕ್ಕಿಂತ ಹೆಚ್ಚಾಗಿ ಅನುಕೂಲ ನಿರ್ಧರಿಸುತ್ತಿತ್ತು.

ಕಣ್ಣೆದುರಿನ ಶತ್ರು ದೇಶೀಯನಾದ ಮಾತ್ರಕ್ಕೆ ಬಂಡಾಯ ವಸಾಹತು ವಿರೋಧಿಯಲ್ಲ ಎನ್ನುವವರು ಕೀನ್ಯಾದ ಮೌ ಮೌ ಬಂಡಾಯವನ್ನೂ ನೋಡಬೇಕು. 1952ರ ಅಕ್ಟೋಬರ್ 20ರಂದು ಗವರ್ನರ್ ಬೇರಿಂಗ್ ತುರ್ತು ಪರಿಸ್ಥಿತಿ ಸಾರಿದ್ದು, ಕಿಕುಯು ಜನಾಂಗದವನೇ ಆದ ಹಿರಿಯ ಮುಖಂಡ ವಾರುಹಿಯುವಿನ ಕೊಲೆಯಾದ ಎರಡು ವಾರದೊಳಗೆ. ಬಂಡಾಯದುದ್ದಕ್ಕೂ ಸತ್ತ ಬಿಳಿಯ ವಲಸಿಗರು 32 ಮಂದಿ. ಬಂಡುಕೋರರ ಕೈಯಲ್ಲಿ ಸತ್ತ ಆಫ್ರಿಕನ್ನರ ಸಂಖ್ಯೆ ಇದರ ಹತ್ತಾರು ಪಟ್ಟು. ಬ್ರಿಟಿಷರು ಗಲ್ಲಿಗೇರಿಸಿದ್ದು ಸಾವಿರಕ್ಕೂ ಮೀರಿ ಜನರನ್ನು. ಅವರಲ್ಲಿ 1957ರ ಫೆಬ್ರವರಿಯಲ್ಲಿ ನೇಣಿಗೇರಿದ ಬಂಡಾಯದ ನಾಯಕ ದೇದಾನ್ ಕಿಮಾಥಿಯೂ ಒಬ್ಬ. ಅಧಿಕೃತ ಚರಿತ್ರೆ ಬಹುಕಾಲ ಇದನ್ನು ಕಿಕುಯುಗಳ ಒಳಜಗಳವೆಂದೂ ಕಾಡುತನವೆಂದೂ ಬರೆಯಿತು. ಅಡಗಿಸಿಟ್ಟ ಕಡತಗಳು ನ್ಯಾಯಾಲಯದ ಮುಂದೆ ಬಂದ ಮೇಲೆ 2013ರಲ್ಲಿ ಬ್ರಿಟಿಷ್ ಸರ್ಕಾರ ಚಿತ್ರಹಿಂಸೆಗೆ ವಿಷಾದ ಸೂಚಿಸಿ, 5,228 ಮಂದಿಗೆ ಪರಿಹಾರ ಕೊಡಲು ಒಪ್ಪಿತು. ಪರೋಕ್ಷ ಆಳ್ವಿಕೆಯ ಜಾಣ್ಮೆಯೇ ಇದು: ವಸೂಲಿಗೆ ಬರುವ ಮುಖ ಯಾವಾಗಲೂ ಊರಿನವನದೇ. ಏಟು ಬೀಳುವುದೂ ಆ ಮುಖಕ್ಕೇ. ಮೈಸೂರಿನ ಅಮಲ್ದಾರ ಮತ್ತು ಕೀನ್ಯಾದ ಮುಖಂಡ ಒಂದೇ ಯಂತ್ರದ ಬೇರೆ ಬೇರೆ ಕಾಲದ ಬಿಡಿಭಾಗಗಳು.

ಮುದ್ರೆ, ಜಾತಿ ಮತ್ತು ಪ್ರಯೋಜನ

ಎರಡನೆಯ ಆಕ್ಷೇಪ ಬೂದಿ ಬಸಪ್ಪನ ಕುರಿತದ್ದು. ಸುಳ್ಳು ಹಕ್ಕುದಾರನೊಬ್ಬನನ್ನೂ ಕಳೆದುಹೋದ ಪಾಳೆಯಪಟ್ಟಿನ ಆಸೆಯ ನಾಯಕರನ್ನೂ ಮುಂದಿಟ್ಟುಕೊಂಡ ಬಂಡಾಯ ಹಿಂದಕ್ಕೆ ನೋಡುವಂಥದು, ಅದಕ್ಕೆ ರಾಜಕೀಯ ಘನತೆ ಎಲ್ಲಿಂದ ಎಂಬ ಪ್ರಶ್ನೆ. ಬೂದಿ ಬಸಪ್ಪನ ವಂಶ ಸುಳ್ಳೇ ಇರಬಹುದು. ಕೌಲಿನಲ್ಲಿ ಅವನು ಬರೆದುಕೊಟ್ಟದ್ದು ಮಾತ್ರ ರೈತರ ನಿಜವಾದ ಬೇಡಿಕೆ. ಹೊಸಂತೆಯ ಕೂಟ ಕೇಳಿದ್ದನ್ನೇ ಅವನು ಕೆಳದಿಯ ಮುದ್ರೆ ಒತ್ತಿ ಹಿಂದಿರುಗಿಸಿದ. ಆಳುವ ಅರಸನ ಆಜ್ಞೆಯನ್ನು ಮೀರಬೇಕಾದರೆ ಅದಕ್ಕಿಂತ ಹಳೆಯ, ಹೆಚ್ಚು ನ್ಯಾಯವಾದ ಆಜ್ಞೆಯೊಂದು ಬೇಕು ಎಂಬುದು ಆ ಕಾಲದ ತರ್ಕ. ಆರು ವರ್ಷಗಳ ನಂತರ ಕೊಡಗು ಮತ್ತು ಸುಳ್ಯದ ರೈತರು ಇದೇ ದಾರಿ ಹಿಡಿದರು. ಕೊಡಗಿನ ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ಮುಂದೆ ನಿಲ್ಲಿಸಿ, ಕೆದಂಬಾಡಿ ರಾಮಯ್ಯ ಗೌಡರಂಥವರ ನೇತೃತ್ವದಲ್ಲಿ 1837ರ ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದರು. ಆ ಹೋರಾಟವನ್ನು ನಾವು ಇಂದು ಹೆಮ್ಮೆಯಿಂದ ನೆನೆಯುತ್ತೇವೆ. ಪುಟ್ಟಬಸಪ್ಪ ನಿಜವಾದ ರಾಜವಂಶದವನಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದಿಲ್ಲ. ಸುಳ್ಯಕ್ಕೆ ಒಪ್ಪುವ ನ್ಯಾಯ ನಗರಕ್ಕೂ ಒಪ್ಪಬೇಕು.

ಮೂರನೆಯ ಆಕ್ಷೇಪ ಸೂಕ್ಷ್ಮವಾದದ್ದು. ಬಂಡೆದ್ದ ಗೌಡ-ಪಟೇಲರಲ್ಲಿ ಬಹಳ ಮಂದಿ ವೀರಶೈವರು. ಕಚೇರಿಗಳಲ್ಲಿ ಕೂತಿದ್ದವರಲ್ಲಿ ಮರಾಠಿ ಮೂಲದ ದೇಶಸ್ಥ ಬ್ರಾಹ್ಮಣರು ಹೆಚ್ಚು. ಆದ್ದರಿಂದ ಇದು ನೆಲದ ಒಡೆತನ ಹಿಡಿದ ಒಂದು ಸಮುದಾಯಕ್ಕೂ ಕಚೇರಿ ಹಿಡಿದ ಇನ್ನೊಂದು ಸಮುದಾಯಕ್ಕೂ ನಡೆದ ಘರ್ಷಣೆ ಎಂದು ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಈ ಅಂಶವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಸಿಟ್ಟಿಗೆ ಜಾತಿಯ ಬಣ್ಣವೂ ಇತ್ತು. ಆದರೆ ಬಣ್ಣವನ್ನೇ ಕಾರಣವೆಂದರೆ ಕೆಲವು ಸಂಗತಿಗಳು ಹೊರಗುಳಿಯುತ್ತವೆ. ತರೀಕೆರೆಯ ನಾಯಕರು ವೀರಶೈವರಲ್ಲ, ಬೇಡ ಸಮುದಾಯದವರು. ಅವರು ಏಕೆ ಬಂದರು? ಘಟ್ಟದ ಕೆಳಗಿನ ಕೂಟಗಳ ಸಮುದಾಯಗಳೇ ಬೇರೆ. ಅಲ್ಲೇಕೆ ಕೂಟ ಕಟ್ಟಿತು? ರೈತರನ್ನು ಹಿಂಡಲು ಬಂದ ಫೌಜುದಾರ ಅರಸು ಮನೆತನದವನು, ಬ್ರಾಹ್ಮಣನಲ್ಲ. ಅಮೆರಿಕದ ಇತಿಹಾಸಕಾರ ಬರ್ಟನ್ ಸ್ಟೈನ್ 1985ರಲ್ಲಿ ನಗರದ ಬಗ್ಗೆ ಬರೆಯುವಾಗ ಬಂಡಾಯವನ್ನು ಒಂದು ಬಿಡಿ ಘಟನೆಯಾಗಿ ನೋಡದೆ ಅದರ ಹಿಂದಿನ ದೀರ್ಘ ಪ್ರಕ್ರಿಯೆಯನ್ನು ಗಮನಿಸಬೇಕೆಂದದ್ದು ಇಲ್ಲಿ ನೆರವಿಗೆ ಬರುತ್ತದೆ. ಯಾರು ಯಾರ ಮೇಲೆ ಕೈಯೆತ್ತಿದರು ಎಂಬುದನ್ನು ಜಾತಿ ತಕ್ಕಮಟ್ಟಿಗೆ ವಿವರಿಸೀತು. ಕೈಯೆತ್ತುವ ಸ್ಥಿತಿ 1830ರಲ್ಲೇ ಏಕೆ ಬಂತು ಎಂಬುದನ್ನು ವಿವರಿಸಲಾರದು.

ಕೊನೆಯ ಆಕ್ಷೇಪವನ್ನು ಕಮಿಷನರುಗಳ ಅಭಿಮಾನಿಗಳು ಎತ್ತುತ್ತಾರೆ. ಬ್ರಿಟಿಷರು ಬಂದ ಮೇಲೆ ಶರತ್ತು ಪದ್ಧತಿ ಹೋಯಿತು, 769 ತೆರಿಗೆಗಳು ಹೋದವು, ರಸ್ತೆ ಬಂತು, ಕಾಫಿ ತೋಟ ಬಂತು, ರೈತ ಗೆದ್ದಂತೆಯೇ ಆಯಿತಲ್ಲ ಎಂದು. ತೆರಿಗೆಗಳು ಹೋದದ್ದು ನಿಜ, ಅದು ರೈತರ ಗೆಲುವೂ ನಿಜ. ಆದರೆ ಆ ಗೆಲುವಿನ ಶ್ರೇಯಸ್ಸನ್ನು ಕಬ್ಬನ್‌ಗೆ ಕೊಡುವ ಮೊದಲು ಹೊಸಂತೆಗೆ ಕೊಡಬೇಕು. ಹೇಳದೆ ಕೇಳದೆ ಹಿಂಡಿದರೆ ಈ ಜನ ಏಳುತ್ತಾರೆ ಎಂಬ ಪಾಠವನ್ನು ಹೊಸ ಆಡಳಿತಕ್ಕೆ ಕಲಿಸಿದವರು ನೇಣಿಗೇರಿದ ರೈತರು. ಇನ್ನು ಮೂಲ ರೋಗದ ಮಾತು. ಪೊಗದಿ ಒಂದು ರೂಪಾಯಿಯೂ ಇಳಿಯಲಿಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಅದನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಲಾಯಿತು. ಏರಿಸಿದ ಮೊತ್ತ ಜಾರಿಗೆ ಬಂದದ್ದು 1896ರಿಂದ, ಆ ಹೆಚ್ಚಳ ಬಿಟ್ಟದ್ದು 1928ರ ಹೊತ್ತಿಗೆ. ಅಮಲ್ದಾರನನ್ನು ಬದಲಿಸಿದರು, ಅರಸನನ್ನು ಬದಲಿಸಿದರು, ಬದಲಿಸದೆ ಉಳಿಸಿಕೊಂಡದ್ದು ತಮಗೆ ಬರಬೇಕಾದ ಹಣವನ್ನು. ನಗರದ ಬಂಡಾಯ ಯಾರ ಹಿತಕ್ಕೆ ಎದುರಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಇಷ್ಟು ಹೇಳಿದ ಮೇಲೆ ಅತಿಗೆ ಹೋಗದಂತೆ ಒಂದು ಗೆರೆಯನ್ನೂ ಎಳೆಯಬೇಕು. 1830ರ ನಗರದವರನ್ನು ಇಪ್ಪತ್ತನೆಯ ಶತಮಾನದ ಅರ್ಥದಲ್ಲಿ ಸ್ವಾತಂತ್ರ್ಯ ಹೋರಾಟಗಾರರೆಂದು ಕರೆದು ಪ್ರತಿಮೆ ನಿಲ್ಲಿಸುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ. ದೇಶ ಎಂಬ ಕಲ್ಪನೆ ಅವರ ಮುಂದಿರಲಿಲ್ಲ. ಇದ್ದದ್ದು ಸೀಮೆ, ಶಿಸ್ತು, ಬಾಕಿ, ಕೌಲು. ಕಂದಾಯಕ್ಕೆ ಮಿತಿ ಬೇಕು, ಆ ಮಿತಿಯನ್ನು ನಮ್ಮೊಂದಿಗೆ ಮಾತಾಡಿ ಗೊತ್ತುಮಾಡಬೇಕು ಎಂಬುದು ಅವರ ರಾಜಕೀಯ. ಹಾಗೆ ನೋಡಿದರೆ ಅವರ ಮುಖ್ಯ ಆಯುಧ ಬೂದಿ ಬಸಪ್ಪನ ಮುದ್ರೆಯಾಗಲಿ ತರೀಕೆರೆಯವರ ಕೋವಿಯಾಗಲಿ ಆಗಿರಲಿಲ್ಲ. ಸೀಮೆ ಸೀಮೆಗೂ ಚೀಟಿ ಕಳಿಸಿ ಜನರನ್ನು ಒಂದು ಮಾತಿಗೆ ತಂದ ಕೂಟವೇ ಅವರ ಆಯುಧ. ಅಧಿಕೃತ ವರದಿಗಳು ಹಕ್ಕುದಾರನ ಕಥೆಯನ್ನು ವಿಸ್ತಾರವಾಗಿ ಬರೆದು ಕೂಟದ ಕಥೆಯನ್ನು ಪೀಠಿಕೆಗೆ ಇಳಿಸಿದವು. ಅದೇ ಕ್ರಮವನ್ನು ನಮ್ಮ ಪಠ್ಯಗಳೂ ಪಾಲಿಸಿದವು.

ಅದನ್ನು ತಿದ್ದಲು ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಶಾಲಾ ಪಠ್ಯದಲ್ಲಿ ನಗರದ ಬಂಡಾಯವನ್ನು 'ಬ್ರಿಟಿಷರು ಆಡಳಿತ ವಹಿಸಿಕೊಳ್ಳಲು ಕಾರಣ' ಎಂಬ ಸಾಲಿನಿಂದ ಬಿಡಿಸಿ, ಕಿತ್ತೂರು ಮತ್ತು ಅಮರ ಸುಳ್ಯದ ಪಕ್ಕದಲ್ಲಿ, ಕರಾವಳಿಯ ಕೂಟಗಳೊಂದಿಗೆ ಸೇರಿಸಿ ಹೇಳಬೇಕು. ಹಾಕರ್ ಸಮಿತಿಯ ವರದಿ ಟಿಪ್ಪಣಿಗಳೊಂದಿಗೆ ಕನ್ನಡದಲ್ಲಿ ಸಿಗುವಂತಾದರೆ, ತಮ್ಮ ಊರಿನ ಹೆಸರು ಅದರಲ್ಲಿ ಹೇಗೆ ಬಂದಿದೆಯೆಂದು ಆನಂದಪುರ, ಹೊನ್ನಾಳಿ, ಬಸವಾಪಟ್ಟಣದ ಓದುಗರೇ ಪರಿಶೀಲಿಸಬಲ್ಲರು. ನಗರದ ಕೋಟೆ, ಕವಲೇದುರ್ಗ, ಕೆಳದಿಗಳನ್ನು ನೋಡಲು ಬರುವವರಿಗೆ ನಾಯಕರ ವೈಭವದ ಜೊತೆಗೆ, ಆ ನಾಯಕರ ಹೆಸರು ಹೇಳಿಕೊಂಡು ಕಂದಾಯ ನಿರಾಕರಿಸಿದ ರೈತರ ಕಥೆಯನ್ನೂ ಹೇಳುವ ಹೊಣೆ ಇಲ್ಲಿನ ಶಿಕ್ಷಕರದು, ಸ್ಥಳೀಯ ಸಂಘಗಳದು, ಪುರಾತತ್ವ ಇಲಾಖೆಯದು. ನಗರದ ರೈತರು ಸೋತರು, ಸರಿ. ಸೋತವರ ಕಥೆಯನ್ನು ಗೆದ್ದವರ ವರದಿಯಿಂದಲೇ ಓದುತ್ತ ಕೂರುವ ಕಟ್ಟುಪಾಡು ನಮಗಿನ್ನು ಇಲ್ಲ.